ಡ್ರೋನಿಗೆ ಮಾಳಿಗಿ ಕಾಣ್ತದ, ಗೋಡಿ ಕಾಣಂಗಿಲ್ಲ

ಬೆಣ್ಣಿಹಳ್ಳ, ಮಲಪ್ರಭಾ, ವರದಾ ಉಕ್ಕಿದಾಗಲೆಲ್ಲ ‘ಡ್ರೋನ್ ಹಾರಿಸ್ರಿ, ಹಾನಿ ಲೆಕ್ಕ ಒಂದ ದಿನಕ್ಕ ಮುಗೀತದ’ ಅನ್ನುವ ಮಾತು ಕೇಳಿಬರುತ್ತದೆ. ಹಾರಿಸಲಿ, ತಕರಾರಿಲ್ಲ. ಆದರೆ ಮೇಲಿನಿಂದ ತೆಗೆದ ಫೋಟೊ ನೋಡಿ ಮನೆಗಳಿಗೆ ಹಾನಿಯ ಎ, ಬಿ, ಸಿ ದರ್ಜೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. 2019ರ ನೆರೆಯಲ್ಲಿ ಶೇ. 75ಕ್ಕಿಂತ ಹೆಚ್ಚು ಬಿದ್ದ ಎ ದರ್ಜೆಯ ಮನೆಗೆ 5 ಲಕ್ಷ, ಕಡಿಮೆ ಹಾನಿಯ ಸಿ ದರ್ಜೆಗೆ 50 ಸಾವಿರ ಪರಿಹಾರ ಇತ್ತು. ಒಂದು ಅಕ್ಷರ ತಪ್ಪಿದರೆ ನಾಲ್ಕೂವರೆ ಲಕ್ಷ ಹೋಯಿತು.

ನರಗುಂದ, ರೋಣ, ನವಲಗುಂದ ಕಡೆಯ ಹಳೆ ಮನೆ ಅಂದರೆ ಮಣ್ಣಿನ ಗೋಡೆ, ಮೇಲ್ಮುದ್ದೆ (ಮಣ್ಣು ಹಾಕಿದ ಚಪ್ಪಟೆ ಮಾಳಿಗೆ). ನೀರು ಎರಡು ದಿನ ನಿಂತರೆ ಗೋಡೆಯ ಬುಡ ಮೆತ್ತಗಾಗುತ್ತದೆ. ಮಾಳಿಗೆಯ ಭಾರ ಕಂಬ-ತೊಲೆಗಳ ಮೇಲಿದ್ದರೆ ಮಾಳಿಗೆ ಮಾತ್ರ ಹಾಗೇ ಕೂತಿರುತ್ತದೆ, ಫೋಟೊದಲ್ಲಿ ಗಟ್ಟಿ ಮನೆ! ಸಾಲದ್ದಕ್ಕೆ ಎರೆಮಣ್ಣು. ಹಸಿಯಿದ್ದಾಗ ಉಬ್ಬಿ, ಬಿಸಿಲು ಬಿದ್ದ ಮೇಲೆ ಕುಗ್ಗುತ್ತದೆ. ಗೋಡೆ ಸೀಳುವುದು ವಾರಗಳ ಮೇಲೆ, ಸರ್ವೆದವರು ಹೋದ ನಂತರ. ಅದಕ್ಕೇ ನೀರು ಇಳಿದ ಕೂಡಲೇ ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ಹಾರಿಸಬೇಕು, ಕ್ಯಾಮೆರಾ 45 ಡಿಗ್ರಿ ಓರೆ ಮಾಡಿ ಗೋಡೆಗಳನ್ನೂ ತೆಗೆಯಬೇಕು. ಹಾನಗಲ್ಲ ಕಡೆಯ ಹಂಚಿನ ಮನೆಗಳ ಮಾತು ಬೇರೆ. ಹಂಚು ಹಾರಿದ್ದು, ಜಂತಿ ಕುಸಿದದ್ದು ನೆಟ್ಟಗೆ ಮೇಲಿನಿಂದಲೇ ಕಾಣುತ್ತದೆ.

ಡ್ರೋನಿನ ನಿಜವಾದ ಉಪಯೋಗ ಇರುವುದು ನೀರಿನ ಆಳ ಲೆಕ್ಕ ಹಾಕುವುದರಲ್ಲಿ. 80 ಮೀಟರ್ ಎತ್ತರದಲ್ಲಿ ಹಾರಿಸಿದರೆ ಸಾಮಾನ್ಯ ಸರ್ವೆ ಡ್ರೋನಿನಲ್ಲಿ ಫೋಟೊದ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲಿನ ಎರಡು ಸೆಂ.ಮೀ. ಆಸುಪಾಸು ಬರುತ್ತದೆ. ಹಾರಾಟದ ಒಂದೇ ಸಾಲಿನ ಫೋಟೊಗಳು ಶೇ. 80, ಪಕ್ಕದ ಸಾಲಿನವು ಶೇ. 70 ಒಂದರ ಮೇಲೊಂದು ಬರಬೇಕು, ಅವನ್ನು ಜೋಡಿಸಿಯೇ ನೆಲದ ಎತ್ತರದ ನಕ್ಷೆ ಮಾಡುವುದು. ಊರಿನ ನಾಲ್ಕೂ ಅಂಚಿಗೆ, ನಡುವೆ ಒಂದೆರಡು ಕಡೆ ಸುಣ್ಣದಲ್ಲಿ ಗುರುತು ಹಾಕಿ, ಆರ್‌ಟಿಕೆ (ಸೆಂ.ಮೀ. ಮಟ್ಟದಲ್ಲಿ ಜಾಗ ಹೇಳುವ ಉಪಗ್ರಹ ಆಧಾರಿತ) ಉಪಕರಣದಿಂದ ಎತ್ತರ ಅಳೆಯಬೇಕು. ಗುರುತೆಲ್ಲ ನಡುವೆಯೇ ಹಾಕಿದರೆ ಎತ್ತರದ ನಕ್ಷೆ ಅಂಚಿನಲ್ಲಿ ಬಟ್ಟಲಿನ ಹಾಗೆ ಬಾಗುತ್ತದೆ, ಅಂಚಿನ ಓಣಿಯವರ ಲೆಕ್ಕ ಕೆಡುತ್ತದೆ. ಆಮೇಲೆ ಹತ್ತು-ಹದಿನೈದು ಗೋಡೆಗಳ ಮೇಲಿನ ಕೆಸರಿನ ಗೆರೆಯನ್ನು ಅದೇ ಉಪಕರಣಕ್ಕೆ ಹೊಂದಿಸಿ ಅಳೆಯಬೇಕು. ಗೆರೆಯ ಎತ್ತರದಲ್ಲಿ ಓಣಿಯ ನೆಲದ ಎತ್ತರ ಕಳೆದರೆ ಓಣಿಯಲ್ಲಿ ನಿಂತ ನೀರು, ಅದರಲ್ಲಿ ಮನೆಯ ಕಟ್ಟೆಯ ಎತ್ತರ ಕಳೆದರೆ ಮನೆಯೊಳಗೆ ನಿಂತ ನೀರು. ಕಟ್ಟೆ ಮಾತ್ರ ಟೇಪು ಹಿಡಿದೇ ಅಳೆಯಬೇಕು. ಹಳ್ಳಕ್ಕೆ ಇಳಿಜಾರು ಇರುತ್ತದೆ, ಇಡೀ ಊರಿಗೆ ಒಂದೇ ನೀರಿನ ಮಟ್ಟ ಹಿಡಿಯಬಾರದು.

ಹೊಲದ ಹೂಳಿನ ವಿಷಯಕ್ಕೆ ಬಂದರೆ ಡ್ರೋನ್ ಸೋಲುತ್ತದೆ. ಪರಿಹಾರದ ನಿಯಮ ಕೇಳುವುದು ಮೂರು ಇಂಚಿಗಿಂತ ದಪ್ಪ ಹೂಳು, ಅಂದರೆ ಏಳೂವರೆ ಸೆಂ.ಮೀ. ಎತ್ತರ ಅಳೆಯುವಾಗ ಡ್ರೋನಿನ ತಪ್ಪೇ ಐದಾರು ಸೆಂ.ಮೀ. ಇರಬಹುದು, ಮೇಲೆ ಬಿದ್ದ ಬೆಳೆ ಬೇರೆ. ಅಲ್ಲಿ ಸಲಿಕೆ ಹಿಡಿದು ಗುಂಡಿ ತೋಡುವುದೇ ಸೈ.

ನೆರೆಗೆ ಮೊದಲಿನ ಚಿತ್ರ ಬೇಕಲ್ಲ? ಹಳ್ಳಿಯ ಮನೆ-ಜಾಗ ಅಳೆದು ಹಕ್ಕಿನ ದಾಖಲೆ ಕೊಡಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ನಕ್ಷೆ ಆದ ಊರುಗಳಲ್ಲಿ ಅದನ್ನೇ ಬಳಸಬಹುದು. ಒಂದು ಎಚ್ಚರ: ಒಂದೇ ಮಾಳಿಗೆಯ ಕೆಳಗೆ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಡ್ರೋನಿಗೂ ಒಂದೇ ಮನೆ, ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲೂ ಒಂದೇ ನಂಬರು. ಹುಬ್ಬಳ್ಳಿಯಲ್ಲಾದರೆ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಊರೊಳಗೇ ಇದೆ, ಹಾರಾಟದ ಅನುಮತಿಯನ್ನು ಮಳೆಗಾಲಕ್ಕೆ ಮೊದಲೇ ತೆಗೆದಿಡಬೇಕು.

ಇನ್ನು ಆಸ್ತಿ ಬೆಲೆ. ‘ಮುಳುಗಡೆ ಜಾಗ’ ಅಂತ ನಕ್ಷೆಯಲ್ಲಿ ಕೆಂಪು ಬಳಿದು ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಇಳಿಸಿದರೆ ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕುತ್ತಾರೆ. ನಾಳೆ ರಸ್ತೆಗೋ ಕಾಲುವೆಗೋ ಜಾಗ ಹೋದರೆ ಪರಿಹಾರವೂ ಇಳಿಯಬಹುದು, ಯಾಕೆಂದರೆ 2013ರ ಭೂಸ್ವಾಧೀನ ಕಾಯ್ದೆ ನೋಡುವ ಲೆಕ್ಕಗಳಲ್ಲಿ ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಈ ದರವೂ ಒಂದು. ಕಟ್ಟಡದ ಮೌಲ್ಯ ಇಳಿಸಿ ತೆರಿಗೆ ಕಡಿಮೆ ಮಾಡಲಿ. ಜಾಗದ ದರಕ್ಕೆ ಕೈ ಹಚ್ಚುವ ಮೊದಲು ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿ, ಪ್ರತಿ ಮನೆ ನಂಬರಿನ ಮುಂದೆ ನೀರಿನ ಆಳ ಬರೆದು, ತಕರಾರಿಗೆ ಹದಿನೈದು ದಿನವಾದರೂ ಕೊಡಲಿ.