ಸಂಬಳ ಕೇಳಿದ ಬಾಖ್, ಶಾಲು ಹೊದ್ದ ನಮ್ಮ ಮಾಮ

ಜರ್ಮನಿಯ ಲೈಪ್‌ಜಿಗ್‌ನ ಥಾಮಸ್ ಚರ್ಚಿನಲ್ಲಿ ಶುಕ್ರವಾರ ಸಂಜೆ ಆರಕ್ಕೆ ಹುಡುಗರ ಕ್ವಾಯರ್ ಹಾಡುತ್ತದೆ. ಆಫೀಸು ಮುಗಿಸಿ, ಬ್ಯಾಗನ್ನು ಕಾಲಬುಡದಲ್ಲಿಟ್ಟು ಕೂತು ಕೇಳುವುದು ನನಗೀಗ ರೂಢಿ. 1212ರಿಂದ ನಡೆದು ಬಂದಿರುವ ಕ್ವಾಯರ್ ಅದು. ಎದುರಿಗೇ ಮುನ್ನೂರು ವರ್ಷದ ಹಿಂದೆ ಇಲ್ಲಿ ದುಡಿದ ಸಂಗೀತಕಾರ ಬಾಖನ ಸಮಾಧಿ. ಒಮ್ಮೆ ಹಳೆಯ ಗೀತೆಯೊಂದು ಶುರುವಾದಾಗ ನನ್ನ ಬಾಯಿಗೆ ಕನ್ನಡದ ಸಾಲೇ ಬಂದುಬಿಟ್ಟಿತು. ಪಕ್ಕದ ಅಜ್ಜಿ ತಿರುಗಿ ನೋಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದ ರಾಗಗಳಲ್ಲವೇ, ನಾವು ಹುಟ್ಟಿದಾಗಿನಿಂದ ಹಾಡಿದವು.

ಊರಲ್ಲಿ ಅವನ್ನು ನುಡಿಸುತ್ತಿದ್ದವರು ನನ್ನ ಮಾಮ. ಹಗಲು ಬ್ಯಾಂಕ್ ಗುಮಾಸ್ತ, ಶನಿವಾರ ಸಂಜೆ ಕ್ವಾಯರ್ ಮೇಷ್ಟ್ರು. ಟೆನರ್‌ನವರು, ಅಂದರೆ ಏರುದನಿಯ ಗಂಡಸರು, ಯಾವಾಗಲೂ ಅರ್ಧ ಹೆಜ್ಜೆ ಹಿಂದೆ; ಮಾಮ ಬಲಗೈಯಲ್ಲಿ ನುಡಿಸುತ್ತ ಎಡಗೈಯಲ್ಲಿ ಅವರನ್ನು ಎಳೆದು ತರುತ್ತಿದ್ದರು. ಲೆಗ್ ಹಾರ್ಮೋನಿಯಂನ ಗಾಳಿಚೀಲ ಹರಿದರೆ ಸೈಕಲ್ ಟ್ಯೂಬ್ ಕತ್ತರಿಸಿ ತಾವೇ ಅಂಟಿಸುತ್ತಿದ್ದರು. ಒಮ್ಮೆ ರಿಪೇರಿಗೆ ದುಡ್ಡು ಕೇಳಿದ್ದಕ್ಕೆ ಸಮಿತಿಯ ಒಬ್ಬರು, "ದೇವರ ಕೆಲಸಕ್ಕೂ ಲೆಕ್ಕವೇ ಮೇಷ್ಟ್ರೇ?" ಎಂದರಂತೆ. 31 ವರ್ಷ ದುಡಿದ ಮೇಲೆ ಒಂದು ಶಾಲು, ಒಂದು ಬುಟ್ಟಿ ಹಣ್ಣು.

ಬಾಖನನ್ನು ಕೇಳಿದ್ದರೆ ಲೆಕ್ಕ ಹೇಳುತ್ತಿದ್ದ. 18ನೇ ವಯಸ್ಸಿಗೆ ಆರ್ನ್‌ಸ್ಟಾಟ್‌ನಲ್ಲಿ ಆರ್ಗನಿಸ್ಟನಾದವನು, ನಾಲ್ಕು ವಾರ ರಜೆ ಪಡೆದು ಹೆಸರಾಂತ ಆರ್ಗನಿಸ್ಟ್ ಬುಕ್ಸ್ಟೆಹೂಡನ ವಾದನ ಕೇಳಲು ಲ್ಯೂಬೆಕ್‌ಗೆ ನಡೆದು ಹೋಗಿ ನಾಲ್ಕು ತಿಂಗಳ ಮೇಲೆ ಮರಳಿದ. ವೈಮಾರ್‌ನಲ್ಲಿ ಕೆಲಸ ಬಿಡುತ್ತೇನೆಂದು ಹಟ ಹಿಡಿದದ್ದಕ್ಕೆ 1717ರಲ್ಲಿ ಸುಮಾರು ನಾಲ್ಕು ವಾರ ಸೆರೆವಾಸ. 1723ರಲ್ಲಿ ಲೈಪ್‌ಜಿಗ್‌ಗೆ ಬಂದದ್ದೂ ಮೊದಲ ಆಯ್ಕೆಯಾಗಿ ಅಲ್ಲ. ಆಗಿನ ಹೆಸರಾಂತ ಸಂಗೀತಕಾರ ಟೆಲೆಮಾನ್ ಒಲ್ಲೆ ಎಂದ ಮೇಲೆ, ಇನ್ನೊಬ್ಬ ಸಂಗೀತಕಾರ ಗ್ರೌಪ್ನರ್‌ನನ್ನು ಅವನ ದೊರೆ ಬಿಟ್ಟುಕೊಡದ ಮೇಲೆ. (ಲೈಪ್‌ಜಿಗ್‌ನಲ್ಲಿ ಅವನು ಕ್ಯಾಂಟರ್, ಅಂದರೆ ಹಾಡುಗಾರಿಕೆಯ ಮೇಷ್ಟ್ರು. ಆರ್ಗನ್ ನುಡಿಸಲು ಬೇರೆಯವರಿದ್ದರು. ಇದು ಇಲ್ಲಿಗೆ ಬರುವ ತನಕ ನನಗೂ ಗೊತ್ತಿರಲಿಲ್ಲ.) 1730ರಲ್ಲಿ ನಗರಸಭೆಗೆ ಬರೆದ ಅರ್ಜಿಯಲ್ಲಿ ಹುಡುಗರನ್ನು ಎಣಿಸಿಯೇ ಇಟ್ಟ: ಕೆಲಸಕ್ಕೆ ಬರುವವರು 17, ಮುಂದೆ ಬರಬಹುದಾದವರು 20, ಏನೂ ಬಾರದವರು 17. ಅದೇ ವರ್ಷ ಗೆಳೆಯನಿಗೆ ಬರೆದ ಪತ್ರ ಇನ್ನೂ ಖಾರ. ಆದಾಯ ಸುಮಾರು 700 ತಾಲರ್ (ಆಗಿನ ಬೆಳ್ಳಿ ನಾಣ್ಯ). ಸಾವು ಹೆಚ್ಚಿದರೆ ಶವಸಂಸ್ಕಾರದ ದಕ್ಷಿಣೆಯೂ ಹೆಚ್ಚು, ಊರಿನ ಹವೆ ಚೆನ್ನಾಗಿದ್ದರೆ ನಷ್ಟ, ಹಿಂದಿನ ವರ್ಷ ನೂರಕ್ಕೂ ಹೆಚ್ಚು ತಾಲರ್ ಹೋಯಿತು ಎಂದು. ಈ ಗೊಣಗು ಬರೆದ ಕೈಯೇ ಯೇಸುವಿನ ಯಾತನೆಯನ್ನು ಹಾಡುವ ಮಹಾಕೃತಿ ಮ್ಯಾಥ್ಯೂ ಪ್ಯಾಶನ್ ಬರೆದದ್ದು. ನನಗೇನೂ ವಿಚಿತ್ರ ಅನಿಸುವುದಿಲ್ಲ.

ಜಗಳಕ್ಕೂ ಒಂದು ಹುದ್ದೆ ಬೇಕು. ಇಲ್ಲಿ ಚರ್ಚಿನ ಸಂಗೀತ ಇಂದಿಗೂ ಹುದ್ದೆಯೇ: ಎ, ಬಿ, ಸಿ ಎಂದು ಪರೀಕ್ಷೆಗಳಿವೆ, ದೊಡ್ಡ ಚರ್ಚಿಗೆ ಎ ಪಾಸಾದವರು, ಭಾನುವಾರದ ಮಟ್ಟಿಗೆ ಸಿ ಪಾಸಾದವರು. ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ. 9 (ಎರಡು ರಾಜ್ಯಗಳಲ್ಲಿ ಶೇ. 8) ಚರ್ಚ್ ತೆರಿಗೆ ಬೀಳುತ್ತದೆ, ಸಂಬಳಕ್ಕೆ ದೊಡ್ಡ ಆಸರೆ ಅದೇ. ನಮ್ಮಲ್ಲಿ 'ಸೇವೆ' ಅನ್ನುವ ಮಾತು ಬಂದ ಕೂಡಲೇ ಕೈ ಜೇಬಿಗೆ ಹೋಗುವುದು ನಿಲ್ಲುತ್ತದೆ. ಭಜನೆಗೆ ತಬಲಾ ನುಡಿಸುವವರಿಗೂ ಇದೇ ಗತಿ, ಚರ್ಚಿನದಷ್ಟೇ ಅಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಇಲ್ಲಿ ನಾನು ಹೋಗುವ ಬಡಾವಣೆಯ ಚರ್ಚಿನಲ್ಲಿ ಭಾನುವಾರ ಆರ್ಗನ್ ಗುಡುಗುತ್ತದೆ, ಕೆಳಗೆ ಹತ್ತಿಪ್ಪತ್ತು ಮಂದಿ ಪಿಸುಗುಟ್ಟುತ್ತಾರೆ. ನಮ್ಮೂರಲ್ಲಿ ಶ್ರುತಿ ಬಿಟ್ಟಾದರೂ ಇಡೀ ಸಭೆ ಹಾಡುತ್ತಿತ್ತು.

ಕಳೆದ ವಾರ ಫೋನಿನಲ್ಲಿ ಮಾಮನಿಗೆ ಬಾಖನ ಸಾವಿನ ದಕ್ಷಿಣೆಯ ಕತೆ ಹೇಳಿದೆ. ತುಂಬ ಹೊತ್ತು ನಕ್ಕರು.

"ನಮಗೂ ಕೊಡ್ತಿದ್ರಲ್ಲ ಮಾರಾಯ," ಎಂದರು, "ಚಾ, ಎರಡು ಬಿಸ್ಕೇಟು."