ನಮ್ಮ ಹುಡುಗಿ ಯಾವ ಸಾಲಿನಲ್ಲಿ?

ಏಪ್ರಿಲ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ವಿಷಯ. ಒಂದು ನೀರಿನ ಟ್ಯಾಂಕರ್, ಇನ್ನೊಂದು ಸಮ್ಮರ್ ಕ್ಯಾಂಪ್. ಅಬ್ಯಾಕಸ್, ಸ್ಕೇಟಿಂಗ್, ಕರಾಟೆ, ವೇದಗಣಿತ, ರೋಬೋಟ್ ಜೋಡಿಸುವುದು, ಒಲೆ ಹಚ್ಚದೆ ಅಡುಗೆ ಮಾಡುವುದು. (ಅಜ್ಜಿ ಮನೆ, ಮಾವಿನ ತೋಪು, ನಮ್ಮ ಕಾಲದಲ್ಲಿ ಬೇಸಿಗೆ ರಜೆ ಅಂದರೆ ಅಂತ ನಾನೀಗ ಶುರು ಮಾಡುವುದಿಲ್ಲ, ಹೆದರಬೇಡಿ.) ಈ ಕ್ಯಾಂಪುಗಳಿಗೆಲ್ಲ ಒಂದು ಪದ್ಧತಿ ಇದೆ. ಕೊನೆಯ ದಿನ ಪ್ರತಿ ಮಗುವೂ ಸ್ಟೇಜಿನ ನಟ್ಟನಡುವೆ ನಿಲ್ಲಬೇಕು, ಕೊರಳಿಗೊಂದು ಮೆಡಲ್ ಬೀಳಬೇಕು, ಅಪ್ಪ ಅಮ್ಮ ಫೋಟೊ ತೆಗೆಯಬೇಕು.

ಈ ಸಲ ನನ್ನ ಅಕ್ಕನ ಮಗಳು ಸೇರಿದ್ದು ಆರ್ಕೆಸ್ಟ್ರಾ ಕ್ಯಾಂಪಿಗೆ. ಈಜಿನ ಕ್ಯಾಂಪ್ ಭರ್ತಿಯಾಗಿತ್ತು, ಅದೇ ಕಾರಣ. ಪಿಟೀಲು ಹೇಗೂ ಮನೆಯಲ್ಲಿತ್ತು, ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದಳು. ಜಯನಗರದ ಒಂದು ಶಾಲೆಯ ಹಾಲ್‌ನಲ್ಲಿ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಕರೆದುಕೊಂಡು ಹೋಗಿ ಬರುವ ಕೆಲಸ ಸೋದರಮಾವನಿಗೆ, ಅಂದರೆ ಮನೆಯಿಂದಲೇ ಆಫೀಸು ನಡೆಸುವ, ಆದ್ದರಿಂದ ಕೆಲಸವೇ ಇಲ್ಲದವನು ಅಂತ ಮನೆಮಂದಿಯೆಲ್ಲ ನಂಬಿರುವ ನನಗೆ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ವಿಷಯ ಗೊತ್ತಾದಾಗ ನಮ್ಮಮ್ಮ ಮೊದಲು ಕೇಳಿದ್ದು, "ರಾಜ್‌ಕುಮಾರ್ ಹಾಡು ಯಾವ್ಯಾವುದು ಬಾರಿಸ್ತಾರಂತೆ?" ವರ್ಷ ವರ್ಷ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನೋಡಿಕೊಂಡು ಬಂದವರು, ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಇದು ಆ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಅಲ್ಲ, ಪಾಶ್ಚಾತ್ಯ ಸಂಗೀತದ್ದು, ಸಾಲು ಸಾಲು ಪಿಟೀಲುಗಳು ಒಟ್ಟಿಗೆ ನುಡಿಸುವಂಥದ್ದು.

ಬ್ರೋಷರ್‌ನಲ್ಲಿ ಲೀಡರ್‌ಶಿಪ್ ಬೆಳೆಸುತ್ತೇವೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಅದು ಸುಳ್ಳು. ಅಲ್ಲಿ ಇದ್ದ ಲೀಡರ್ ಒಬ್ಬರೇ, ಕೈಯಲ್ಲಿ ಸಣ್ಣ ಕಡ್ಡಿ ಹಿಡಿದ ಮೇಡಂ. ಮಿಕ್ಕವರೆಲ್ಲ ಅವರ ಕೈ ನೋಡಿಕೊಂಡು ನುಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ನುಡಿಸದೆ ಇರಬೇಕು. ಈ ಎರಡನೆಯದು ಎಷ್ಟು ಕಷ್ಟ ಅಂತ ನನಗೂ ಅಲ್ಲೇ ತಿಳಿದಿದ್ದು.

ಮೊದಲು ಶ್ರುತಿಯ ಕತೆ ಹೇಳಬೇಕು. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಓಬೋ ಅನ್ನುವ ಊದುವ ವಾದ್ಯ 'ಎ' ಸ್ವರ ಹಿಡಿಯುತ್ತದೆ, ಎಲ್ಲರೂ ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಸೆಕೆಂಡಿಗೆ 440 ಕಂಪನ. ಶ್ರುತಿಯ ಎತ್ತರವನ್ನು ಮನೆ ಅಂತ ಎಣಿಸುವ ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಆರು ಮನೆ ಶ್ರುತಿ. ಕ್ಯಾಂಪಿನಲ್ಲಿ ಓಬೋ ಇರಲಿಲ್ಲ, ಕೀಬೋರ್ಡಿನ ಒಂದು ಕೀ ಒತ್ತಿ ಹಿಡಿಯುತ್ತಿದ್ದರು. ನಮ್ಮ ಕಚೇರಿಗಳಲ್ಲಿ ಹಾಡುವವರ ಗಂಟಲು ಹೇಗೋ ಪಿಟೀಲು ಹಾಗೆ. ಒಬ್ಬರಿಗೆ ಒಂದು ಮನೆ, ಇನ್ನೊಬ್ಬರಿಗೆ ಐದು ಮನೆ, ಪಕ್ಕದಲ್ಲಿ ಕೂತವರು ತಂತಿ ಏರಿಸುತ್ತಾರೆ, ಇಳಿಸುತ್ತಾರೆ. ಇಲ್ಲಿ ಯಾರಿಗೂ ಸ್ವಂತ ಶ್ರುತಿಯೇ ಇಲ್ಲ. ಇದ್ದುದು ಒಂದೇ ಸ್ವರ, ಅದಕ್ಕೆ ಸೇರದವರು ಸೇರುವ ತನಕ ಸೇರಿದವರು ಕೈ ಕಟ್ಟಿ ಕೂತಿರಬೇಕು. ಒಣ ಬಿಸಿಲಿಗೆ ತಂತಿ ಬಿಗಿಯುವ ಬಿರಡೆ ಸಡಿಲವಾಗಿ ತಂತಿ ಜರ್ರನೆ ಇಳಿದುಬಿಡುತ್ತಿತ್ತು. ಸಂಜೆ ಒಂದು ಮಳೆ ಬಿತ್ತೋ, ಮಾರನೇ ಬೆಳಿಗ್ಗೆ ಅದೇ ಬಿರಡೆ ಉಬ್ಬಿಕೊಂಡು ತಿರುಗುವುದೇ ಇಲ್ಲ. ಮಕ್ಕಳ ಕೈಯಲ್ಲಂತೂ ಆಗುವ ಮಾತಲ್ಲ. ಇಬ್ಬರು ಮೇಷ್ಟ್ರು ಸಾಲು ಸಾಲು ತಿರುಗಿ ಒಂದೊಂದೇ ಪಿಟೀಲು ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಮೊದಲ ಸಾಲಿನದು ಮತ್ತೆ ಇಳಿದಿರುತ್ತಿತ್ತು.

ನಮ್ಮ ಹುಡುಗಿಗೆ ಸಿಕ್ಕಿದ್ದು ಸೆಕೆಂಡ್ ವಯಲಿನ್. ಅಕ್ಕನಿಗೆ ತಡೆಯಲಾಗಲಿಲ್ಲ. "ಇಷ್ಟು ದಿನದಿಂದ ಪಾಠಕ್ಕೆ ಹೋಗ್ತಿದ್ದಾಳೆ, ಸೆಕೆಂಡ್ ಯಾಕೋ? ಹೋಗಿ ಫಸ್ಟ್ ಕೊಡಿ ಅಂತ ಕೇಳು" ಅಂದಳು. ಕ್ಲಾಸಿನ ರ‍್ಯಾಂಕು ಅಂದುಕೊಂಡಿದ್ದಳು ಪಾಪ. ಕೇಳಿದೆ. ಮೇಡಂ ನಕ್ಕರು. ರಾಗ ಎಳೆದುಕೊಂಡು ಹೋಗುವುದು ಸಾಮಾನ್ಯವಾಗಿ ಫಸ್ಟ್ ವಯಲಿನ್, ಕೆಳಗಿನ ಸ್ವರಗಳಿಗೆ ಪಿಟೀಲಿನ ದೊಡ್ಡಣ್ಣನಂಥ ಸೆಲ್ಲೋ, ಮಧ್ಯದ ಜಾಗ ತುಂಬುವುದು ಸೆಕೆಂಡ್ ವಯಲಿನ್ ಮತ್ತು ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ. ಮಧ್ಯದವರಿಗೆ ಹಿಡಿದುಕೊಳ್ಳಲು ಹಾಡೇ ಇರುವುದಿಲ್ಲ, ಅದಕ್ಕೇ ಲೆಕ್ಕ ಗಟ್ಟಿ ಇರುವವರನ್ನು ಅಲ್ಲಿ ಕೂರಿಸಿದ್ದೇನೆ ಅಂದರು. ಅಕ್ಕನಿಗೆ ಇದನ್ನು ಹೇಳಿದೆ. "ಸಮಾಧಾನಕ್ಕೆ ಹೇಳಿರ್ತಾರೆ ಬಿಡು" ಅಂದಳು.

ಲೆಕ್ಕ ಅಂದೆನಲ್ಲ, ಅದನ್ನೇ ನೋಡಬೇಕು ನೀವು. ಕಾಗದದ ಮೇಲೆ ಒಂದೊಂದು ವಾದ್ಯಕ್ಕೂ ಸುಮ್ನಿರುವ ಜಾಗ ಎಲ್ಲಿ, ಎಷ್ಟು ಅಂತ ಬರೆದಿರುತ್ತಾರೆ. ಟ್ರಯಾಂಗಲ್ ಅನ್ನುವ, ಕಡ್ಡಿಯಿಂದ ಬಡಿಯುವ ಮುಮ್ಮೂಲೆ ಸರಳು ಹಿಡಿದಿದ್ದ ಒಬ್ಬ ಹುಡುಗ, ಎಂಟು ವರ್ಷ ಇರಬಹುದು, ಅವನಿಗೆ ಸತತವಾಗಿ ಹದಿನಾರು ಬಾರ್ (ಬಾರ್ ಅಂದರೆ ಎಣಿಕೆಯ ಒಂದು ಕಟ್ಟು) ಮೌನ, ಆಮೇಲೆ ಒಂದೇ ಒಂದು ಟಿಂಗ್. ಮೊದಲು ಮೂರಕ್ಕೇ ಟಿಂಗ್ ಅನ್ನಿಸಿಬಿಡುತ್ತಿದ್ದ. ಆಮೇಲೆ ಎಣಿಸುತ್ತಾ ಎಣಿಸುತ್ತಾ ಕಿಟಕಿ ಆಚೆ ಅಳಿಲು ಕಂಡು, ಟಿಂಗ್ ಜಾಗ ಬಂದು ಹೋದ ಮೇಲೆ ಬೆಚ್ಚಿಬೀಳುತ್ತಿದ್ದ. ನಮ್ಮ ಹುಡುಗಿ ಅವನಿಗೊಂದು ಉಪಾಯ ಹೇಳಿಕೊಟ್ಟಳು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಎರಡು ಬಾರ್ ಸೇರಿದರೆ ಎಂಟೆಣಿಕೆಯ ಆದಿತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು, ಹದಿನಾರು ಬಾರ್ ಅಂದರೆ ಎಂಟೇ ಆವರ್ತ! ಅವಳು ತೊಡೆ ಮೇಲೆ ತಾಳ ಹಾಕುತ್ತಾಳೆ, ಇವನು ಅಲ್ಲಿಂದಲೇ ನೋಡಿಕೊಂಡು ಮನಸ್ಸಿನಲ್ಲೇ ಆವರ್ತ ಎಣಿಸುತ್ತಾನೆ. ಮೇಡಂ ಕಣ್ಣಿಗೆ ಬಿತ್ತು. ಇಲ್ಲಿ ಹಾಗೆಲ್ಲ ತಾಳ ಹಾಕುವ ಪದ್ಧತಿ ಇಲ್ಲ ಅಂದವರು, ಟಿಂಗ್ ಸರಿಯಾಗಿ ಬಿದ್ದಿದ್ದು ಕೇಳಿ, "ಆಯ್ತು, ಸದ್ದಾಗದ ಹಾಗೆ ಹಾಕು" ಅಂದರು. ಆ ಟಿಂಗ್ ಮುಗಿದ ಮೇಲೆ ಹುಡುಗನ ಮುಖ ನೋಡಬೇಕಿತ್ತು.

ಇನ್ನೊಂದು ಪಾಠ ಕಮಾನಿನದು. ಒಂದು ಗುಂಪಿನ ಕಮಾನುಗಳೆಲ್ಲ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೋಗಬೇಕು. ಯಾರಾದರೂ ಒಬ್ಬರು ಉಲ್ಟಾ ಎಳೆದರೆ ಪಕ್ಕದವರ ಮೊಣಕೈಗೆ ಕುಟ್ಟುತ್ತದೆ, ಅಲ್ಲಿಗೆ ಜಗಳ. ಇಬ್ಬರಿಗೊಂದು ಸ್ಟ್ಯಾಂಡು, ಒಂದೇ ಪುಸ್ತಕ. ಪುಟ ತಿರುಗಿಸುವ ಕೆಲಸ ಒಳಬದಿಗೆ ಕೂತವರದು. ಅವರು ನುಡಿಸುವುದನ್ನು ನಿಲ್ಲಿಸಿ ಕೈ ಚಾಚಿ ತಿರುಗಿಸಬೇಕು, ಹೊರಬದಿಯವರು ಅಷ್ಟು ಹೊತ್ತೂ ನುಡಿಸುತ್ತಲೇ ಇರಬೇಕು. ನಮ್ಮವಳು ಒಳಬದಿ. ಬೇಗ ತಿರುಗಿಸಿದರೆ ಪಕ್ಕದ ಹುಡುಗಿಗೆ ಕೊನೆಯ ಸಾಲು ಸಿಗಲ್ಲ, ತಡವಾದರೆ ಮುಂದಿನ ಸಾಲು ಸಿಗಲ್ಲ. ನನಗೇನೋ ಪಿಟೀಲು ನುಡಿಸುವುದಕ್ಕಿಂತ ಇದೇ ದೊಡ್ಡ ವಿದ್ಯೆ ಅನ್ನಿಸಿತು.

ಅಭ್ಯಾಸಗಳೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮವಳು ಕಲಿತದ್ದು ಚಾಪೆ ಮೇಲೆ ಕೂತು, ಪಿಟೀಲಿನ ತುದಿ ಬಲಪಾದದ ಮೇಲೆ ಊರಿಕೊಂಡು. ಇಲ್ಲಿ ಕುರ್ಚಿ, ಗಲ್ಲದ ಕೆಳಗೆ ಪಿಟೀಲು, ಕಾಲಲ್ಲಿ ಶೂ. ಶೂ ಹಾಕಿಕೊಂಡು ವಾದ್ಯ ಮುಟ್ಟಲು ಮೊದಮೊದಲು ಒಪ್ಪಲೇ ಇಲ್ಲ. ಕಮಾನು ಕೈಜಾರಿ ಬಿದ್ದಾಗ ಎತ್ತಿ ಕಣ್ಣಿಗೊತ್ತಿಕೊಂಡಳು. ಅಕ್ಕಪಕ್ಕದ ಮಕ್ಕಳು ಇದ್ಯಾವುದೋ ಹೊಸ ನಿಯಮ ಅಂತ ಆಮೇಲಿಂದ ತಾವೂ ಹಾಗೇ ಮಾಡತೊಡಗಿದವು. ಗಮಕದ, ಅಂದರೆ ಸ್ವರವನ್ನು ತೂಗಿಸಿ ನುಡಿಸುವುದರ ಪಜೀತಿಯಂತೂ ಬೇರೆಯೇ. ಎಲ್ಲರ ಗಾಂಧಾರ ಕಂಬದ ಹಾಗೆ ನೆಟ್ಟಗೆ ನಿಂತಿರುವಾಗ ಇವಳದೊಂದು ಮಾತ್ರ ತೂಗಾಡುತ್ತಿತ್ತು. "ಬೆರಳು ಅಲ್ಲಾಡಿಸಬೇಡಮ್ಮ" ಅಂತ ಮೇಡಂ ಹೇಳುವುದು, ಅವಳು ತಲೆಯಾಡಿಸುವುದು, ಬೆರಳು ತನ್ನ ಪಾಡಿಗೆ ಜಾರುವುದು.

ಅಷ್ಟರಲ್ಲಿ ಮೇಡಂ ಒಂದು ಒಳ್ಳೆಯ ಕೆಲಸ ಮಾಡಿದರು. ನೊಟ್ಟುಸ್ವರ ಎತ್ತಿಕೊಂಡರು. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ಮಾಡಿದ ಪುಟ್ಟ ಪುಟ್ಟ ರಚನೆಗಳು, ಶಂಕರಾಭರಣ ರಾಗದಲ್ಲಿ, ಗಮಕವಿಲ್ಲದೆ. ಬ್ರಿಟಿಷರ ರಾಜಗೀತೆಯ ಮಟ್ಟನ್ನೂ ಅವರು ಬಿಟ್ಟಿಲ್ಲ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಮದರಾಸಿನಲ್ಲಿ ಯುರೋಪಿಯನ್ನರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದವರು ಅನ್ನುತ್ತಾರೆ. ನಮ್ಮ ಹುಡುಗಿಗೆ ಆ ನೊಟ್ಟುಸ್ವರ ಪಾಠದಲ್ಲಿ ಆಗಿತ್ತು. ಬೆರಳು ತಾನಾಗಿಯೇ ನೆಟ್ಟಗೆ ನಿಂತಿತು.

ನಮ್ಮ ಬ್ಲಾಕಿನ ಒಬ್ಬ ಹಿರಿಯರು ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ಗೊಣಗುತ್ತಿದ್ದರು. ನಮ್ಮ ಸಂಗೀತ ಇರುವಾಗ ಇದೆಲ್ಲ ಯಾಕೆ ಅಂತ. ಒಂದು ದಿನ ತಡೆಯದೆ ಜಯಚಾಮರಾಜ ಒಡೆಯರ ಮಾತೆತ್ತಿದೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಮಾಡಿದ ಮಹಾರಾಜರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರನ ಎಷ್ಟೋ ಕೃತಿಗಳು ರೆಕಾರ್ಡ್ ಆಗಿದ್ದೇ ಇವರ ದುಡ್ಡಿನಿಂದ. "ಹೌದೇನ್ರೀ?" ಅಂದವರು ಆಮೇಲೆ ನನಗೇ ಮೈಸೂರು ಅರಮನೆ ಬ್ಯಾಂಡಿನ ಬಗ್ಗೆ ನಾಲ್ಕನೇ ಮಹಡಿಯಿಂದ ಪಾರ್ಕಿಂಗ್ ತನಕ ಹೇಳಿದರು.

ಅದು ರಾಮನವಮಿಯ ಕಾಲ. ಒಂದು ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋದೆ. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ಕಚೇರಿಗಳು. ಅಲ್ಲಿ ಪಿಟೀಲು ಒಂದೇ. ಗಾಯಕರು ಏನು ಹಾಡುತ್ತಾರೆ ಅಂತ ಗಾಯಕರಿಗೂ ಮೊದಲೇ ಗೊತ್ತಿಲ್ಲ, ಇವರು ಬೆನ್ನು ಹತ್ತಿ ಹೋಗಬೇಕು. ಮೈಕ್ ಸರಿಯಾಗಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸಲಿ ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದನ್ನು ಅವಳಿಗೆ ಹೇಳಿದೆ. ಅವಳ ಗಮನ ಅಲ್ಲಿರಲಿಲ್ಲ. "ಮಾಮ, ಇವರಿಗೆ ಪುಟ ತಿರುಗಿಸೋಕೆ ಯಾರೂ ಇಲ್ವಾ?" ಅಂದಳು.

ಕೊನೆಯ ದಿನದ ಕಾರ್ಯಕ್ರಮ ಹೇಗಾಯಿತು ಅಂದರೆ, ಆಯಿತು. ಒಂದು ಕಡೆ ಸೆಲ್ಲೋಗಳು ಮುಂದೆ ಓಡಿದವು, ಮೇಡಂ ಕಣ್ಣಲ್ಲೇ ಹಿಡಿದು ನಿಲ್ಲಿಸಿದರು. ನೊಟ್ಟುಸ್ವರ ಬಂದಾಗ ನಮ್ಮಮ್ಮ ರಾಜ್‌ಕುಮಾರ್‌ನ ಮರೆತು ಜೊತೆಗೆ ಹಾಡಿಕೊಂಡರು. ಟಿಂಗ್ ಸರಿಯಾಗಿ ಬಿತ್ತು. ಅಪ್ಪ ಅಮ್ಮಂದಿರೆಲ್ಲ ಮೊಬೈಲ್ ಎತ್ತಿ ತಮ್ಮ ತಮ್ಮ ಮಗುವನ್ನೇ ಝೂಮ್ ಮಾಡಿದ್ದು. ಮನೆಗೆ ಬಂದು ಅಕ್ಕ ವಿಡಿಯೊ ಹಾಕಿ ನೋಡುತ್ತಾಳೆ, ಮಗಳ ಕೈ ಆಡುತ್ತಿದೆ, ಕೇಳಿಸುತ್ತಿರುವುದು ಇಡೀ ಹಾಲ್. "ಇದರಲ್ಲಿ ಇವಳದು ಯಾವುದೋ?" ಅಂತ ಕಿವಿಗೆ ಫೋನ್ ಒತ್ತಿಕೊಂಡಳು. ಮೆಡಲ್ ಇರಲಿಲ್ಲ. ಎಲ್ಲರಿಗೂ ಒಂದೊಂದು ಪೆನ್ಸಿಲ್ ಕೊಟ್ಟಿದ್ದರು, ಸ್ಟ್ಯಾಂಡಿನ ಮೇಲೆ ಗುರುತು ಹಾಕಿಕೊಳ್ಳಲು ಬಳಸುವಂಥದ್ದು.

ಮಾರನೇ ದಿನ ಪಕ್ಕದ ಮನೆಯವರು ಬಂದರು, ಕಲಿತದ್ದು ನುಡಿಸು ಪುಟ್ಟಿ ಅಂದರು. ನುಡಿಸಿದಳು, ಸೆಕೆಂಡ್ ವಯಲಿನ್ ಭಾಗವನ್ನೇ. ಕುಂಯ್ ಕುಂಯ್, ಆಮೇಲೆ ತುಂಬ ಹೊತ್ತು ಏನೂ ಇಲ್ಲ, ತೊಡೆ ಮೇಲೆ ತಾಳ, ಮತ್ತೆ ಕುಂಯ್. ಪಕ್ಕದ ಮನೆಯವರು ಕಾಫಿ ಲೋಟ ಹಿಡಿದುಕೊಂಡು ಚಪ್ಪಾಳೆ ಯಾವಾಗ ತಟ್ಟಬೇಕು ಅಂತ ನನ್ನ ಮುಖ ನೋಡಿದರು. "ಇದು ಒಬ್ಬಳೇ ನುಡಿಸಿದರೆ ಹೀಗೇ ಆಂಟಿ" ಅಂದಳು ಇವಳು, ಒಂಚೂರೂ ಬೇಜಾರಿಲ್ಲದೆ. ಈಗ ಬನಶಂಕರಿಯ ಫಸ್ಟ್ ವಯಲಿನ್ ಹುಡುಗಿಯನ್ನೂ, ಸೆಲ್ಲೋ ನುಡಿಸುವ ಒಬ್ಬ ಹುಡುಗನನ್ನೂ ಭಾನುವಾರ ಮನೆಗೆ ಕರೆದಿದ್ದಾಳೆ. ಸೆಲ್ಲೋ ಆಟೋದಲ್ಲಿ ಹಿಡಿಸುತ್ತದಾ ಅಂತ ಆ ಹುಡುಗನ ಅಮ್ಮ ಫೋನ್ ಮಾಡಿದ್ದರು. ಸೆಲ್ಲೋ ಆರಾಮಾಗಿ ಹಿಡಿಸುತ್ತದೆ, ಅಮ್ಮ ಬೈಕಿನಲ್ಲಿ ಬರಬೇಕಾಗಬಹುದು ಅಂದೆ.