ಮಂಡ್ಯದಲ್ಲಿ ಸಮುದ್ರ ಕೊರೆತ: ಶೂನ್ಯ

ನಮ್ಮ ರಾಜ್ಯಕ್ಕೆ ಕಡಲು ಇರುವುದು ಮೂರೇ ಜಿಲ್ಲೆಯಲ್ಲಿ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಮಂಡ್ಯದವರಿಗೆ ಸಮುದ್ರ ಅಂದ್ರೆ ಕನ್ನಂಬಾಡಿ ಕಟ್ಟೆ. 124.80 ಅಡಿ ತುಂಬಿದರೆ ಬಾಗಿನ, ತುಂಬದಿದ್ದರೆ ಧರಣಿ. ಆದರೂ ಮಂಡ್ಯದ ಒಂದು ಕಚೇರಿಯಿಂದ ಪ್ರತಿ ಸೋಮವಾರ ಹನ್ನೊಂದು ಗಂಟೆಯೊಳಗೆ ವರದಿ ಹೋಗಲೇಬೇಕು. ಸಮುದ್ರ ಕೊರೆತದಿಂದ ಬಿದ್ದ ಮನೆಗಳು: ಶೂನ್ಯ. ಕೊಚ್ಚಿಹೋದ ದೋಣಿಗಳು: ಶೂನ್ಯ.

ಸುಮ್ನೆ ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ 'ಮಾಹಿತಿ ಅಪೂರ್ಣ' ಅಂತ ವಾಪಸ್ ಬರುತ್ತದೆ. ಅಡ್ಡಗೆರೆ ಎಳೆದರೂ ಒಪ್ಪುವುದಿಲ್ಲ. ಸೊನ್ನೆಯೇ ಬೇಕು. ಸೊನ್ನೆ ಬರೆದು, ಪ್ರಿಂಟ್ ತೆಗೆದು, ಸಾಹೇಬರ ಸಹಿ ಹಾಕಿಸಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಮೇಲ್ ಮಾಡಬೇಕು. ಆಮೇಲೆ ಅದೇ ಸೊನ್ನೆಯನ್ನು ಗೂಗಲ್ ಶೀಟ್‌ನಲ್ಲೂ ತುಂಬಬೇಕು. ತುಂಬಿದ್ದಕ್ಕೆ ಸಾಕ್ಷಿಯಾಗಿ ವಾಟ್ಸಾಪ್ ಗ್ರೂಪಿಗೆ ಸ್ಕ್ರೀನ್‌ಶಾಟ್. ಅದಕ್ಕೆ ಮೇಲಿನಿಂದ ಒಂದು ಹೆಬ್ಬೆರಳು ಬರುತ್ತದೆ. (ಏಕಲವ್ಯನ ಕಾಲದಲ್ಲಿ ಹೆಬ್ಬೆರಳು ಕೊಡುವುದು ಶಿಷ್ಯನ ಪಾಲಿಗಿತ್ತು. ಈಗ ಗುರುಗಳೇ ಕೊಡ್ತಾರೆ. ಸುಧಾರಣೆ ಆಗಿಲ್ಲ ಅನ್ನಬೇಡಿ.)

'ಇದು ಬೇಡ ಸಾರ್' ಅನ್ನೋಕೆ ಏನು ಧಾಡಿ ಅಂತ ನೀವು ಕೇಳಬಹುದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು, ಬಾಯಿಮಾತನ್ನು ಆದಷ್ಟು ತಪ್ಪಿಸಬೇಕು ಅಂತಿದೆ. ಅಂದ್ರೆ 'ಬರೆದು ಕೊಡಿ ಸಾರ್' ಅನ್ನುವುದು ದೊಡ್ಡ ಸರ್ಕಾರವೂ ಒಪ್ಪಿದ ಮಾತು. ಇಲ್ಲಿ ಹಾಗಂದು ನೋಡಿ. ನಿಮ್ಮ ರಜೆ ಅರ್ಜಿ ಸಾಹೇಬರ ಟೇಬಲ್ ಮೇಲೆ ಹಾಸಿಗೆ ಹಾಸಿಕೊಂಡು ಮಲಗುತ್ತದೆ. ಅದಕ್ಕೇ ಯಾರೂ ಬೇಡ ಅನ್ನುವುದಿಲ್ಲ. 'ಆಯ್ತು ಸಾರ್, ಸರ್ವರ್ ಡೌನ್ ಇದೆ' ಅಂತಾರೆ.

ಮಳವಳ್ಳಿ ಕಡೆಯ ಒಬ್ಬ ಎಫ್‌ಡಿಎ ಮೇಡಂ ಮಾತ್ರ ಕೇಳಿಯೇಬಿಟ್ಟರು.

"ಇದನ್ನ ಓದೋರು ಯಾರು ಸಾರ್? ನಂಬರ್ ಕೊಡಿ. ನಮ್ಮೂರಲ್ಲಿ ಸಮುದ್ರ ಇಲ್ಲ ಅಂತ ನಾನೇ ಒಂದ್ಸಲ ಹೇಳ್ಬುಡ್ತೀನಿ."

"ಮೇಲಿನವರು ಕೇಳಿರೋದಮ್ಮ."

"ಮೇಲಿನೋರು ಅಂದ್ರೆ?"

ಸಾಹೇಬರು ತಲೆಯೆತ್ತಿ ಫ್ಯಾನ್ ನೋಡಿದರು.

ಮೇಡಂ ಅವತ್ತಿಂದ ವರದಿ ಕಳಿಸುವುದನ್ನೇ ನಿಲ್ಲಿಸಿದರು. ಯಾರೂ ಕೇಳಲಿಲ್ಲ. ಅವರ ಧೈರ್ಯದ ಬಗ್ಗೆ ಕ್ಯಾಂಟೀನ್‌ನಲ್ಲಿ ಭಾರಿ ಚರ್ಚೆ. ಆಮೇಲೆ ಗೊತ್ತಾಗಿದ್ದೇನಂದ್ರೆ, ಪಕ್ಕದ ಟೇಬಲ್‌ನವರು ಹೆದರಿಕೊಂಡು, ಮೇಡಂ ಪರವಾಗಿ ತಾವೇ ಸೊನ್ನೆ ತುಂಬಿ ಕಳಿಸುತ್ತಿದ್ದರು.

ಅವರೂ ಮಗಳ ಮದುವೆಗೆ ಅಂತ ರಜೆ ಹಾಕಿದರು ನೋಡಿ, ಸೋಮವಾರ ಹನ್ನೊಂದೂಕಾಲಿಗೇ ಫೋನು.

"ಮಂಡ್ಯದ ಸಮುದ್ರ ಇನ್ನೂ ಬಂದಿಲ್ಲವಲ್ರೀ! ನಿಮ್ಮಿಂದ ಇಡೀ ಶೀಟ್ ನಿಂತಿದೆ."

"ಕರಾವಳಿಯವರದ್ದು ಬಂತಾ ಸಾರ್?"

"ಅವರಿಗೆ ಕೆಲಸ ಜಾಸ್ತಿ ಕಣ್ರೀ. ಟೈಮ್ ಕೊಟ್ಟಿದೀವಿ."